ಐದು ಗಂಟೆಯ ಸೀಟಿ

ಬೆಳಿಗ್ಗೆ ಒಂಬತ್ತಕ್ಕೆ ಸೀಟಿ ಊದಿದವಳು ಅಕ್ಕ, ಸಂಜೆ ಐದಕ್ಕೆ ಊದಬೇಕಾದವಳೂ ಅಕ್ಕನೇ. ಒಂಬತ್ತರದ್ದು ಸಲೀಸಾಗಿ ಮುಗಿದಿತ್ತು. ಒಂದೇ ಊದು, ಇಪ್ಪತ್ತೆರಡು ಬಾಯಿಗೆ ಬೀಗ. ಐದರದ್ದು ಮಾತ್ರ ಕತ್ತಿನ ಹಗ್ಗದ ತುದಿಯಲ್ಲಿ ತೂಗಾಡುತ್ತ, ಬಗ್ಗಿದಾಗಲೆಲ್ಲ ಎದೆಗೂಡಿಗೆ ಬಡಿಯುತ್ತಿತ್ತು; ಒಳಗಿನ ಗುಂಡು ಕಿಳಕ್ಕೆಂದು ಉರುಳಿ, ಇದ್ದೀನಿ ಕಣೇ, ಇನ್ನೂ ಇದ್ದೀನಿ ಎನ್ನುತ್ತಿತ್ತು. ಈಗ ಹನ್ನೊಂದೂ ಕಾಲು. ಬಸ್ ನಿಲ್ದಾಣದ ಎದುರಿನ ಆ ಉದ್ದನೆಯ ಮಹಡಿ ಕೋಣೆಯಲ್ಲಿ ಬಾಲಕಿಯರ ಬಳಗದ ಹುಡುಗಿಯರು ನಾಲ್ಕು ಗುಂಪಾಗಿ ಕೂತು ಹಗ್ಗಕ್ಕೆ ಗಂಟು ಹಾಕುತ್ತಿದ್ದರು, ಬಿಚ್ಚುತ್ತಿದ್ದರು. ಹತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರು ಇಷ್ಟು ಸದ್ದಿಲ್ಲದೆ ಇದ್ದದ್ದನ್ನು ಆ ಗೋಡೆಗಳೂ ನೋಡಿರಲಿಲ್ಲವೇನೋ, ಫ್ಯಾನಿನ ಕಿರಿಕಿರಿ, ಹಗ್ಗದ ಸರಸರ, ಯಾರದೋ ಹೊಟ್ಟೆಯ ಗುರ್ರ್ ಎಲ್ಲವನ್ನೂ ದೊಡ್ಡದು ಮಾಡಿ ವಾಪಸ್ ಕೊಡುತ್ತಿದ್ದವು. ಕಿಟಕಿಯ ಪಕ್ಕದ ಗುಂಪಿನಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಬುಗುರಿ ಕೂತಿದ್ದಳು. ಬುಗುರಿ ಅವಳ ಅಜ್ಜಿ ಇಟ್ಟ ಅಡ್ಡಹೆಸರು. ಚಿಕ್ಕವಳಿದ್ದಾಗ ನಿಂತಲ್ಲೇ ಗಿರಗಿರ ಸುತ್ತುತ್ತಿದ್ದಳಂತೆ. ಹನ್ನೆರಡು ವರ್ಷ, ಸಣಕಲು, ಮೂಗಿನ ಮೇಲೆ ಜಾರುವ ಕನ್ನಡಕ. ಅಕ್ಕ ಅವಳ ಕಡೆ ನೋಡಬಾರದೆಂದು ಬೆಳಿಗ್ಗೆಯಿಂದ ನಿರ್ಧರಿಸಿ, ಬೆಳಿಗ್ಗೆಯಿಂದ ಅವಳನ್ನೇ ನೋಡುತ್ತಿದ್ದಳು.

ಉಳಿದ ಇಪ್ಪತ್ತೊಂದು ಮಂದಿ ಎರಡು ಗಂಟೆಗಳಿಂದ ಮಾತು ಬಿಟ್ಟಿದ್ದರು. ಬುಗುರಿ ಏಳು ದಿನದಿಂದ.

ಹೊರಗೆ ನಿಲ್ದಾಣದ ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು. "ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಹನ್ನೊಂದು ಇಪ್ಪತ್ತಕ್ಕೆ ಹೊರಡುವ ಬಸ್ಸು ಮೂರನೆಯ ಅಂಕಣದಲ್ಲಿ ನಿಂತಿರುತ್ತದೆ." ಅದು ಅಕ್ಕನದೇ ಧ್ವನಿ. ಹತ್ತು ವರ್ಷ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ದಿನವಿಡೀ ಅದನ್ನೇ ಹೇಳಿದ್ದಳು. ಹೋದ ವರ್ಷ ಸಂಖ್ಯೆ, ಊರು, ಗಂಟೆ ಎಲ್ಲವನ್ನೂ ಒಂದೊಂದಾಗಿ ಹೇಳಿಸಿ ಯಂತ್ರಕ್ಕೆ ತುಂಬಿಕೊಂಡಮೇಲೆ ಅವಳನ್ನು ವಿಚಾರಣೆ ಕಿಟಕಿಗೆ ಕಳಿಸಿದ್ದರು. ಈಗ ಅವಳ ಧ್ವನಿಗೆ ರಜೆಯಿಲ್ಲ, ಅವಳಿಗಿದೆ. ಇವತ್ತಿನಂಥ ಶನಿವಾರ ಇಲ್ಲಿ ಕೂತರೆ, ತಾನಿಲ್ಲದ ಕಡೆ ತಾನು ಮಾತಾಡುತ್ತಿರುವುದು ಕೇಳಿಸುತ್ತದೆ. ಮೊದಲು ತಮಾಷೆ ಅನ್ನಿಸುತ್ತಿತ್ತು. ಹುಡುಗಿಯರೂ ಹೊರಗಿನ ಧ್ವನಿಗೆ, "ಬಂದೆ ಅಕ್ಕಾ!" ಎಂದು ಕೂಗಿ ಕಿಸಕಿಸ ನಗುತ್ತಿದ್ದರು. ಇವತ್ತು ಇಡೀ ಕೋಣೆಗೆ ಮಾತೆಂದು ಇರುವುದು ಆ ಒಂದೇ ಧ್ವನಿ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಅದು ಬಂದು, ಎಲ್ಲೂ ತೊಡರದೆ, ಎಲ್ಲೂ ಉಸಿರು ಕಟ್ಟದೆ, ಎಣ್ಣೆ ಹಾಕಿದ ಬಾಗಿಲಿನ ಹಾಗೆ ತೆರೆದು ಮುಚ್ಚಿಕೊಳ್ಳುತ್ತಿತ್ತು. ಬುಗುರಿಯ ತುಟಿ ಅಲುಗಿದಂತೆ ಕಂಡಿತು. ಅಕ್ಕ ಕಣ್ಣು ಕಿರಿದು ಮಾಡಿದಳು. ಇಲ್ಲ, ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು, ಅಷ್ಟೇ.

ಇದೆಲ್ಲ ಶುರುವಾದದ್ದು ಎರಡು ಟೆಂಟಿನಿಂದ. ಬೇಸಿಗೆ ಶಿಬಿರದ ಹಳೆಯ ಟೆಂಟುಗಳು ಬೆಳಕನ್ನೂ ಸೊಳ್ಳೆಯನ್ನೂ ತಡೆಯದಷ್ಟು ಹರಿದಿದ್ದವು; ಹೊಸ ಎರಡಕ್ಕೆ ದುಡ್ಡು ಬೇಕಿತ್ತು. ಬಾಲಕಿಯರ ಬಳಗ ಈಗಾಗಲೇ ಶುಭಾಶಯ ಪತ್ರ ಮಾರಿತ್ತು, ಬನ್ ಮಾರಿತ್ತು, ಹಳೇ ಪೇಪರ್ ಕೂಡಿಹಾಕಿ ಮಾರಿತ್ತು, ಕಾರು ತೊಳೆದುಕೊಡುತ್ತೇವೆಂದು ಹೋಗಿ ಒಬ್ಬರ ಕಾರಿನೊಳಗೂ ನೀರು ತುಂಬಿತ್ತು. ಬಳಗದ ನೀಲಿ ಸ್ಕಾರ್ಫು ಕಂಡರೆ ಜನ ರಸ್ತೆಯ ಆಚೆ ಬದಿಗೆ ದಾಟಿ, ಮೊಬೈಲು ಕಿವಿಗಿಟ್ಟು, ಇಲ್ಲದವರ ಜೊತೆ ಮಾತಾಡಲು ಶುರುಮಾಡುತ್ತಿದ್ದರು. ಆಗ ಬಳಗದ ಹಿರಿಯಳು, ಆಸ್ಪತ್ರೆಯಿಂದ ನಿವೃತ್ತಳಾದ ನರ್ಸು, ಎಲ್ಲರ ಬಾಯಲ್ಲೂ ದೊಡ್ಡಮ್ಮ, ಈ ಉಪಾಯ ತಂದಳು. ಏನೂ ಮಾರೋದು ಬೇಡ. ಒಂದು ದಿನ ಬಾಯಿ ಮುಚ್ಚಿರೋಣ. ಪ್ರತಿ ಹುಡುಗಿಗೂ ಒಂದು ಚೀಟಿ; ಅವಳು ಎಷ್ಟು ಗಂಟೆ ಮೌನವಾಗಿದ್ದರೆ ಅಷ್ಟು ಗಂಟೆಗೆ ತಾನಿಷ್ಟು ಕೊಡುತ್ತೇನೆಂದು ಒಪ್ಪಿದವರು ಅದರಲ್ಲಿ ಸಹಿ ಹಾಕಬೇಕು. "ಇಪ್ಪತ್ತೆರಡು ಹುಡುಗೀರು ಎಂಟು ಗಂಟೆ ಸುಮ್ನಿರ್ತಾರೆ ಅಂದ್ರೆ ಅವರವರ ಅಪ್ಪಂದಿರೇ ಆಸ್ತಿ ಬರ್ಕೊಡ್ತಾರೆ ಕಣೇ" ಎಂದಿದ್ದಳು ದೊಡ್ಡಮ್ಮ. ಹಾಗೇ ಆಯಿತು. ಅಂಗಡಿಯವರು ಮಾತು ಕೊಟ್ಟರು, ಹುಡುಗಿಯರು ಮಾತು ಬಿಟ್ಟರು. ನಿಯಮಗಳನ್ನು ಅಕ್ಕನೇ ತನ್ನ ದುಂಡು ಅಕ್ಷರದಲ್ಲಿ ಕಪ್ಪು ಹಲಗೆಯ ಮೇಲೆ ಬರೆದಿದ್ದಳು. ಕೊನೆಯದರ ಕೆಳಗೆ ಎರಡು ಗೆರೆ ಎಳೆದಿದ್ದಳು: ಮೌನದಲ್ಲಿರುವವರನ್ನು ಯಾರೂ ಮಾತಾಡಿಸಬಾರದು.

ಸಹಿ ಕೇಳಲು ಹೋಗುವಾಗ ಹೇಳಬೇಕಾದ ಮಾತನ್ನೂ ಕಲಿಸಿದವಳು ಅಕ್ಕನೇ. ನಮಸ್ಕಾರ, ನಾವು ಬಾಲಕಿಯರ ಬಳಗದವರು, ಮುಂದಿನ ಶನಿವಾರ ಒಂಬತ್ತರಿಂದ ಐದರವರೆಗೆ ಮೌನವಾಗಿರುತ್ತೇವೆ, ನೀವು ಗಂಟೆಗೆ ಎಷ್ಟು ಕೊಡುತ್ತೀರಿ? ಕಳೆದ ಶನಿವಾರ ಜೋಡಿಜೋಡಿಯಾಗಿ ಅಂಗಡಿ ಬೀದಿಗೆ ಕಳಿಸಿ ತಾನೂ ಹಿಂದೆ ಹೋಗಿದ್ದಳು. ಔಷಧಿ ಅಂಗಡಿಯ ಮುಂದೆ ಬುಗುರಿಯ ಸರದಿ. ನ, ನ, ನ, ಎಂದು ಅವಳ ಗದ್ದ ಏಳುತ್ತಿತ್ತು, ಕತ್ತಿನ ಒಂದು ನರ ಹಗ್ಗದಂತೆ ಬಿಗಿಯುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅಂಗಡಿಯವನು ಮೊದಲು ನಕ್ಕ, ಆಮೇಲೆ ಗಲ್ಲಾಪೆಟ್ಟಿಗೆ ನೋಡಿದ, ಆಮೇಲೆ, "ನಮಸ್ಕಾರ ನಮಸ್ಕಾರ, ಆಯ್ತಮ್ಮ, ಬರ್ಕೋ" ಎಂದು ಪೆನ್ನು ಕಿತ್ತುಕೊಂಡು ಸಹಿ ಹಾಕಿದ. ಪಕ್ಕದ ಅಂಗಡಿಯಲ್ಲೂ ಹಾಗೇ, ಅದರ ಪಕ್ಕದಲ್ಲೂ ಹಾಗೇ. ಯಾರಿಗೂ ಆ ವಾಕ್ಯದ ಕೊನೆಯವರೆಗೆ ನಿಲ್ಲುವ ಪುರುಸೊತ್ತಿರಲಿಲ್ಲ. ಎಲ್ಲರೂ ಅವಳ ಪದವನ್ನು ತಾವೇ ಮುಗಿಸಿ, ತಮ್ಮನ್ನು ತಾವು ಬಿಡಿಸಿಕೊಂಡರು. ಮೂರನೆಯ ಅಂಗಡಿಯಿಂದ ಮುಂದಕ್ಕೆ ಅಕ್ಕನೂ ಮುಗಿಸಿಕೊಟ್ಟಳು. ಸಹಾಯ ಅಂತಲೇ. ಸಂಜೆಗೆ ಬುಗುರಿಯ ಚೀಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಹಿ. "ಬುಗುರಿ ಫಸ್ಟು!" ಎಂದು ಅಕ್ಕ ಚಪ್ಪಾಳೆ ಹೊಡೆಸಿದಾಗ ಬುಗುರಿ ಚೀಟಿಯನ್ನೇ ನೋಡುತ್ತಿದ್ದಳು, ಯಾರದೋ ಪರೀಕ್ಷೆಯ ಅಂಕಪಟ್ಟಿ ತನ್ನ ಕೈಗೆ ಬಂದವಳ ಹಾಗೆ.

ಅದಾದ ಅರ್ಧ ಗಂಟೆಗೆ ಕೋಣೆಯ ಹಿಂದಿನ ಅಡುಗೆ ಗೂಡಿನಲ್ಲಿ ಚಹಾ. ಬೇಕರಿಯವನು ಬನ್ನಿನ ತಟ್ಟೆ ಹಿಡಿದು ಬಂದಿದ್ದ, ದೊಡ್ಡಮ್ಮ ಇದ್ದಳು, ಇಬ್ಬರು ಹುಡುಗಿಯರ ಅಮ್ಮಂದಿರಿದ್ದರು. ಯಾರೋ, "ಅಕ್ಕ, ಡಾಕ್ಟ್ರದ್ದು ಮಾಡಿ" ಎಂದರು. ಊರ ಡಾಕ್ಟರು ಮೂಗಿನಲ್ಲಿ 'ನಥಿಂಗ್ ಟು ವರಿ' ಎನ್ನುವುದು, ಬಳಗದ ಅಧ್ಯಕ್ಷರು ಪ್ರತಿ ವಾಕ್ಯಕ್ಕೂ 'ಹೇಳೋದಾದ್ರೆ' ಸೇರಿಸಿ ಕೊನೆಗೆ ಏನೂ ಹೇಳದೆ ಕೂರುವುದು, ಎಲ್ಲ ಆಯಿತು. ಅಕ್ಕನಿಗೆ ಈ ನಕಲು ಚಿಕ್ಕಂದಿನ ರೋಗ. ಮನೆಗೆ ನೆಂಟರು ಬಂದರೆ ಅಪ್ಪ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, "ನಿನ್ನ ಸೋದರತ್ತೆ ಥರ ಕೆಮ್ಮೇ" ಎನ್ನುತ್ತಿದ್ದ, ಅವಳು ಕೆಮ್ಮುತ್ತಿದ್ದಳು, ಸೋದರತ್ತೆಯೂ ಸೇರಿ ಎಲ್ಲರೂ ನಗುತ್ತಿದ್ದರು. ತನ್ನದೇ ಗಂಟಲಲ್ಲಿ ಮಾತಾಡಿದರೆ, "ಆಮೇಲೆ ಹೇಳು, ಹೋಗು" ಎನ್ನುವವರು ಇನ್ನೊಬ್ಬರ ಗಂಟಲಲ್ಲಿ ಮಾತಾಡಿದರೆ ಊಟ ಬಿಟ್ಟು ಕೇಳುತ್ತಿದ್ದರು. ಅವತ್ತು ಅಡುಗೆ ಗೂಡಿನಲ್ಲಿ ನಗು ಏರುತ್ತ ಹೋದಂತೆ ಇನ್ನೊಂದು ಬೇಕು, ಇನ್ನೊಂದು ಬೇಕು ಎಂದು ಅವಳ ನಾಲಿಗೆಯೇ ಹುಡುಕಿಕೊಂಡು ಹೊರಟಿತು. ಗದ್ದ ಎತ್ತಿದಳು, ಕಣ್ಣು ಮುಚ್ಚಿದಳು, ಕತ್ತಿನ ನರವನ್ನೂ ಬಿಗಿದಳು. ನ, ನ, ನ, ನಮ, ನಮಸ್. ಬೇಕರಿಯವನು ಚಹಾ ಚೆಲ್ಲಿಕೊಂಡ. ಕಣ್ಣು ತೆರೆದು ಅವಳು ಅದಕ್ಕೊಂದು ಬಾಲವನ್ನೂ ಅಂಟಿಸಿದಳು: "ಇವಳು ಸುಮ್ನಿರೋದಕ್ಕಲ್ಲ, ಮಾತು ಮುಗಿಸೋದಕ್ಕೆ ಗಂಟೆ ಲೆಕ್ಕ ಹಾಕಿದ್ರೆ ಟೆಂಟಲ್ಲ, ಬಂಗ್ಲೆನೇ ಕಟ್ಟಬಹುದಿತ್ತು!" ದೊಡ್ಡಮ್ಮ ಬಾಯಿಗೆ ಅಂಗೈ ಅಡ್ಡ ಹಿಡಿದು, "ಥೂ, ಪಾಪ ಕಣೇ" ಎನ್ನುತ್ತಲೇ ನಕ್ಕಳು. ಬಾಗಿಲಲ್ಲಿ ಬುಗುರಿ ನಿಂತಿದ್ದಳು, ಕೈಯಲ್ಲಿ ಎಲ್ಲರ ಚೀಟಿಗಳ ಕಟ್ಟು. ಉಳಿದವರೆಲ್ಲ ಬಾಗಿಲಿಗೆ ಬೆನ್ನು ಹಾಕಿದ್ದರು. ಕಟ್ಟನ್ನು ಹೊಸಿಲ ಪಕ್ಕದ ಸ್ಟೂಲಿನ ಮೇಲೆ, ಅಂಚು ಸರಿಯಾಗಿ ಜೋಡಿಸಿ, ಇಟ್ಟು ಹೋದಳು.

ಹೇಳಿ ಮುಗಿಸಿದ ಮೇಲಷ್ಟೇ ಬುಗುರಿ ಕಂಡಳು. ಏಳು ದಿನದಿಂದ ಅಕ್ಕ ತನಗೆ ತಾನೇ ಹಾಗೇ ಹೇಳಿಕೊಂಡು ಬಂದಿದ್ದಳು.

ಮರುದಿನವೇ ಬುಗುರಿಯ ಅಮ್ಮನ ಫೋನು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಯಾರ ಜೊತೆಗೂ ಗಾಜು ಒರೆಸಿದಷ್ಟು ಮೆಲ್ಲಗೆ ಮಾತಾಡುವವಳು. "ಮೇಡಂ, ನಮ್ಮ ಹುಡುಗಿ ನಿನ್ನೆಯಿಂದ ಒಂದು ಮಾತೂ ಆಡಿಲ್ಲ. ಕೇಳಿದ್ರೆ 'ಅಭ್ಯಾಸ' ಅಂತ ಬರ್ದು ತೋರಿಸ್ತಾಳೆ. ಎಂಥ ಶಿಸ್ತು ಕಲಿಸಿದೀರಿ!" ಅಕ್ಕ ನಕ್ಕಿದ್ದಳು. ನಗದೆ ಏನು ಮಾಡುವುದು? ಬುಧವಾರದ ಹೊತ್ತಿಗೆ ಬಳಗಕ್ಕೆಲ್ಲ ಸುದ್ದಿ. ಹುಡುಗಿಯರು ಬೆರಗಾದರು; ಬುಗುರಿ ಶಾಲೆಯಲ್ಲಿ ಹಾಜರಿಗೂ ಕೈ ಎತ್ತುತ್ತಾಳಂತೆ, ಹೂಂ ಕೂಡ ಅನ್ನುವುದಿಲ್ಲವಂತೆ. ಇಂಥ ತಪ್ಪು ತಿಳಿಯಲು ಈ ಬಳಗದವರೇ ಬೇಕು: ಬಾಯಿ ಮುಚ್ಚುವುದನ್ನೇ ಹಬ್ಬ ಮಾಡಿಕೊಂಡವರಿಗೆ, ಒಬ್ಬಳ ಬಾಯಿ ನಿಜವಾಗಿ ಮುಚ್ಚಿಹೋದದ್ದು ಎಲ್ಲರಿಗಿಂತ ಚೆನ್ನಾಗಿ ಆಡಿದ ಆಟದಂತೆ ಕಂಡಿತ್ತು.

ಹನ್ನೆರಡೂವರೆಗೆ ಅಕ್ಕ ಧೈರ್ಯ ಮಾಡಿ ಕಿಟಕಿಯ ಗುಂಪಿನ ಪಕ್ಕ ಮಂಡಿಯೂರಿದಳು, ಗಂಟು ಪರೀಕ್ಷಿಸುವವಳ ಹಾಗೆ. ಬುಗುರಿಯ ಗಂಟು ಚೊಕ್ಕವಾಗಿತ್ತು. ಎರಡು ಹಗ್ಗ ಒಂದನ್ನೊಂದು ತಬ್ಬಿಕೊಂಡು, ಎಳೆದಷ್ಟೂ ಬಿಗಿಯಾಗುವ ಗಂಟು. "ಬುಗುರಿ," ಎಂದಳು ಪಿಸುಮಾತಿನಲ್ಲಿ, "ಮೊನ್ನೆ ಅಡುಗೆ ಮನೇಲಿ..." ಬುಗುರಿ ತಲೆಯೆತ್ತಿ ಕಪ್ಪು ಹಲಗೆಯ ಕಡೆ ಬೆರಳು ತೋರಿಸಿದಳು. ಎರಡು ಗೆರೆ ಎಳೆದ ಕೊನೆಯ ನಿಯಮ. ಗುಂಪಿನ ಉಳಿದ ಹುಡುಗಿಯರೂ ಅಕ್ಕನನ್ನು ನೋಡಿ, ಬಾಯಿ ಒತ್ತಿ ಹಿಡಿದು, ಹುಬ್ಬಿನಲ್ಲೇ ಬೈದರು. ಅಕ್ಕ ಕಿವಿ ಹಿಡಿದುಕೊಂಡು ತಪ್ಪಾಯ್ತು ಎಂದು ಅಭಿನಯಿಸಿದಳು. ಹುಡುಗಿಯರ ಭುಜಗಳು ಸದ್ದಿಲ್ಲದೆ ಕುಲುಕಿದವು. ಎದ್ದು ಹೋಗುವಾಗ ಅವಳಿಗೆ ಹೊಳೆಯಿತು, ಈಗಷ್ಟೇ ತಾನು ಕ್ಷಮೆ ಕೇಳುವವಳ ನಕಲನ್ನೂ ಮಾಡಿದೆನೆಂದು. ಅದೂ ನಗು ಗಿಟ್ಟಿಸಿತ್ತು. ಜೊತೆಗೆ, ಹೇಳಲಾಗಲಿಲ್ಲವಲ್ಲ ಎಂಬ ಬೇಸರದ ಅಡಿಯಲ್ಲೇ, ಅಬ್ಬ ಹೇಳಬೇಕಾಗಲಿಲ್ಲ ಎಂಬ ತಂಪು ಒಂದು ಇತ್ತು. ಉತ್ತರ ಕೊಡಲಾಗದವಳ ಮುಂದೆ ತಪ್ಪೊಪ್ಪಿಕೊಳ್ಳುವುದು ಎಷ್ಟು ಸುಲಭವಿತ್ತು, ಆ ಸುಲಭದ ದಾರಿಯೂ ತಪ್ಪಿತು.

ಊಟದ ಹೊತ್ತಿಗೆ ಬುಗುರಿಯ ಅಮ್ಮ ಡಬ್ಬಿ ತಂದಳು. ಮಗಳ ತಲೆ ಸವರಿ, ಡಬ್ಬಿ ಕೊಟ್ಟು, ಅಕ್ಕನನ್ನು ಮೆಟ್ಟಿಲ ಬಳಿ ಕರೆದಳು. "ಇವತ್ತು ಐದಕ್ಕೆ ಮುಗಿಯುತ್ತಲ್ವಾ ಮೇಡಂ?"

"ಸರಿಯಾಗಿ ಐದಕ್ಕೆ."

"ಮೊದಲನೇ ಮಾತು ನಂಗೇ ಹೇಳ್ಬೇಕು ಅಂದಿದೀನಿ. ಅಂಗಡೀಲಿ ಒಂದು ಗಂಟೆ ಮುಂಚೆ ಬಿಡಿ ಅಂತ ಕೇಳ್ಕೊಂಡಿದೀನಿ." ಅವಳು ಕೆಳಗಿನ ಮೆಟ್ಟಿಲನ್ನು ನೋಡಿದಳು. "ಐದಾದ್ಮೇಲೆ ಮಾತಾಡ್ತಾಳಲ್ವಾ?"

"ಯಾಕೆ ಹಾಗಂತೀರಾ?"

"ಏನಿಲ್ಲ. ಮೊದ್ಲೆಲ್ಲ ನಿದ್ದೇಲಿ ಮಾತಾಡ್ತಿದ್ಲು, ಒಂಚೂರೂ ತಡವರಿಸ್ದೆ. ಅದನ್ನ ಕೇಳೋಕೇ ನಾನು ಎಚ್ಚರವಾಗಿರ್ತಿದ್ದೆ. ಈ ವಾರ ನಿದ್ದೇಲೂ ಇಲ್ಲ." ನಕ್ಕಳು, ತನ್ನ ಮಾತಿಗೆ ತಾನೇ ನಾಚಿಕೊಂಡವಳಂತೆ. "ನಿದ್ದೇಲೂ ಅಭ್ಯಾಸ ಮಾಡಕ್ಕಾಗುತ್ತಾ ಮೇಡಂ?"

ಹೇಳು, ಈಗ ಹೇಳು. ಅಕ್ಕ ಬಾಯಿ ತೆರೆದಳು. "ನಥಿಂಗ್ ಟು ವರಿ, ಎಲ್ಲಾ ಸರಿಹೋಗುತ್ತೆ" ಎಂಬ ಮಾತು ಮೂಗಿನಿಂದ ಹೊರಬಂತು. ಡಾಕ್ಟರ ಧ್ವನಿ, ಡಾಕ್ಟರ ಮಾತು. ತಾನಾಗಿಯೇ ಬಂದುಬಿಟ್ಟಿತ್ತು. ಆ ತಾಯಿಗೆ ಅದು ನಕಲೆಂದು ಗೊತ್ತಾಗಲಿಲ್ಲ, ಸಮಾಧಾನವೆಂದೇ ತಲೆಯಾಡಿಸಿ ಇಳಿದು ಹೋದಳು. ಅಕ್ಕ ಗೋಡೆಗೆ ಆತುಕೊಂಡಳು. ಸುಣ್ಣದ ತಂಪು ಅಂಗಿಯ ಮೂಲಕ ಬೆನ್ನಿಗೆ ಇಳಿಯಿತು. ಡಾಕ್ಟರದು, ಅಧ್ಯಕ್ಷರದು, ಸೋದರತ್ತೆಯದು, ಹೊರಗಿನ ಯಂತ್ರದ್ದು, ಎಲ್ಲವನ್ನೂ ಕಳೆದರೆ ಉಳಿಯುವ ಧ್ವನಿ ಯಾವುದು? ಖಾಲಿ ಮೆಟ್ಟಿಲಿಗೆ ಕೇಳುವಂತೆ, "ನಾನು" ಎಂದು ಹೇಳಿ ನೋಡಿದಳು. ಯಾರದೋ ಮಾತಿನಂತೆ ಕೇಳಿಸಿತು.

ಮೂರು ಗಂಟೆಗೆ, ಸಹಿ ಹಾಕಿದವರು ಬಂದು ಹುಡುಗಿಯರನ್ನು ಪರೀಕ್ಷಿಸುವ ಹೊತ್ತು. ನಗಿಸಬಹುದು, ಮುಟ್ಟಬಾರದು, ಪ್ರಶ್ನೆ ಕೇಳಬಾರದು ಎಂಬ ಕರಾರು. ಬೇಕರಿಯವನು ಎಲ್ಲರಿಗಿಂತ ಮುಂದು. ತಲೆಗೆ ಬನ್ನಿನ ತಟ್ಟೆ ಕವುಚಿಕೊಂಡ, ಇಲಿಯಂತೆ ಕಿಚಗುಟ್ಟಿದ, ಬಾಗಿಲಿಗೆ ಡಿಕ್ಕಿ ಹೊಡೆದು ಬಿದ್ದವನಂತೆ ಬಿದ್ದ. ಹುಡುಗಿಯರು ಕೆನ್ನೆಯ ಒಳಭಾಗ ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು ತಡೆದರು. ಎಲ್ಲದಕ್ಕೂ ವಾದ ಹೂಡುವ, ಅಡ್ವೊಕೇಟ್ ಎಂದೇ ಕರೆಸಿಕೊಳ್ಳುವ ಹುಡುಗಿಯ ಕಣ್ಣಿಂದ ನೀರೇ ಇಳಿಯಿತು, ಶಬ್ದ ಮಾತ್ರ ಬರಲಿಲ್ಲ. ಬೇಕರಿಯವನು ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಟ್ಟ. "ನನ್ ಕೈಲಾಗಲ್ಲಪ್ಪ. ಅಕ್ಕಾವ್ರೇ, ನೀವು ಮೊನ್ನೆ ಚಹಾ ಹೊತ್ನಲ್ಲಿ ಮಾಡಿದ್ರಲ್ಲ, ಆ ಹುಡುಗೀದು, ಅದನ್ನ ಒಂದ್ಸಲ ಬಿಡಿ. ಆಗ ನೋಡಿ, ಒಬ್ಳೂ ತಡ್ಕೊಳಲ್ಲ."

ಫ್ಯಾನು ಒಂದು ಸುತ್ತು ಸುತ್ತಿತು. ಇಪ್ಪತ್ತೆರಡು ಜೊತೆ ಕಣ್ಣು ಅಕ್ಕನ ಕಡೆ ತಿರುಗಿದವು. ಇಪ್ಪತ್ತೊಂದರಲ್ಲಿ ಆಸೆ, ಮಾಡಿ ಮಾಡಿ ಎಂಬ ಕುತೂಹಲ. ಒಂದು ಜೊತೆ ಕನ್ನಡಕದ ಹಿಂದಿನಿಂದ ಸುಮ್ಮನೆ ನೋಡುತ್ತಿತ್ತು.

"ಯಾವುದು?" ಎಂದಳು ಅಕ್ಕ.

"ಅದೇ ರೀ, ನ, ನ, ನ..."

"ನನಗೆ ನೆನಪಿಲ್ಲ." ಸ್ಪಷ್ಟವಾಗಿ, ಅಂಕಣದ ಸಂಖ್ಯೆ ಹೇಳುವಷ್ಟು ಸ್ಪಷ್ಟವಾಗಿ ಬಂತು. "ಏನೇನೋ ಹೇಳ್ತೀರಾ ನೀವು. ಟೈಮಾಯ್ತು, ನಡೀರಿ." ದೊಡ್ಡಮ್ಮ ಮೂಲೆಯಿಂದ ಒಮ್ಮೆ ಅಕ್ಕನನ್ನು, ಒಮ್ಮೆ ಹುಡುಗಿಯರ ಸಾಲನ್ನು ನೋಡಿದಳು, ಅವಳ ಮುಖದಲ್ಲಿ ಏನೋ ಲೆಕ್ಕ ಕೂಡಿಬಂದಂತೆ ಹುಬ್ಬು ಹತ್ತಿರವಾಯಿತು. ಬೇಕರಿಯವನು ಪೆಚ್ಚಾಗಿ ತಟ್ಟೆ ಎತ್ತಿಕೊಂಡು ಬಾಗಿಲ ಪಕ್ಕಕ್ಕೆ ಹೋಗಿ ನಿಂತ. ಬುಗುರಿ ತನ್ನ ಹಗ್ಗಕ್ಕೆ ವಾಪಸಾದಳು. ಇಡೀ ಕೋಣೆಯಲ್ಲಿ ಬೇರೆ ಶಬ್ದವೇ ಇಲ್ಲದ್ದರಿಂದ, ನೆನಪಿಲ್ಲ ಎಂಬ ಆ ಮಾತು ಹೋಗಲು ಜಾಗ ಸಿಗದೆ ಅಲ್ಲೇ ನಿಂತುಬಿಟ್ಟಿತು.

ನೆನಪಿಲ್ಲವಂತೆ. ಅವಳಿಗೆ ಆ ಬಾಗಿಲ ಚೌಕಟ್ಟಿನ ಬಣ್ಣ ಎದ್ದ ಜಾಗ ನೆನಪಿತ್ತು. ಬುಗುರಿಯ ಎಡ ಶೂ ಲೇಸಿನ ಗಂಟು ನೆನಪಿತ್ತು, ತಾನೇ ಕಲಿಸಿದ್ದು. ನ, ನ, ನಮಸ್ ಎಂದು ಕಣ್ಣು ತೆರೆದಾಗ ಎದುರಿಗೆ ಇದ್ದದ್ದು ಬೇಕರಿಯವನ ನಗುವಲ್ಲ, ಅವನ ಹೆಗಲ ಆಚೆ ಈ ಕನ್ನಡಕ. ಬುಗುರಿ ಆಗಲೇ ಅಲ್ಲಿದ್ದಳು. ಕಂಡ ಮೇಲೆ ನಿಲ್ಲಿಸಬಹುದಿತ್ತು. ಬಾಲ ಇನ್ನೂ ಬಾಕಿಯಿತ್ತು, ಒಳ್ಳೆಯ ಬಾಲ, ಆಗಷ್ಟೇ ಹೊಳೆದದ್ದು. ಅರ್ಧಕ್ಕೆ ಬಿಟ್ಟರೆ ನಗು ಸತ್ತುಹೋಗುತ್ತಿತ್ತು. ಆ ಕನ್ನಡಕವನ್ನೇ ನೋಡುತ್ತ, ಗಂಟೆ ಲೆಕ್ಕ, ಟೆಂಟು, ಬಂಗಲೆ ಎಲ್ಲವನ್ನೂ ಒಂದು ಅಕ್ಷರ ಬಿಡದೆ ಮುಗಿಸಿದ್ದಳು. ಯಾರ ಮಾತನ್ನಾದರೂ ಮುಗಿಸದೆ ಬಿಟ್ಟ ಅಭ್ಯಾಸವೇ ಇರಲಿಲ್ಲ ಅವಳಿಗೆ.

ನಾಲ್ಕರ ಮೇಲೆ ಹೊತ್ತು ಓಡಿತು. ಅಕ್ಕ ಒಂದು ಕಾಗದದ ಚೂರಿನ ಮೇಲೆ 'ಕ್ಷಮಿಸು' ಎಂದು ಬರೆದಳು. ದುಂಡಗೆ, ಅಂದವಾಗಿ, ನಿಯಮ ಬರೆದ ಅಕ್ಷರದಲ್ಲೇ ಇತ್ತು. ಮಡಚಿ ಜೇಬಿಗೆ ತುರುಕಿದಳು. ನಾಲ್ಕೂಮುಕ್ಕಾಲಿಗೆ ಬುಗುರಿಯ ಅಮ್ಮ ಬಂದು, ಚಪ್ಪಲಿ ಬಿಡುವುದೋ ಬೇಡವೋ ಎಂದು ಅನುಮಾನಿಸುತ್ತ ಬಾಗಿಲ ಬಳಿ ನಿಂತಳು. ಹುಡುಗಿಯರು ಹಗ್ಗ ಸುತ್ತಿಟ್ಟು ಗೋಡೆಯುದ್ದಕ್ಕೂ ಕೂತಿದ್ದರು, ಗಡಿಯಾರವನ್ನು ಕಣ್ಣಲ್ಲೇ ತಳ್ಳುತ್ತ. ನಾಲ್ಕು ಐವತ್ತೆಂಟು. ಅಕ್ಕ ಸೀಟಿಯನ್ನು ಅಂಗೈಯಲ್ಲಿ ಹಿಡಿದಳು. ಊದುವವರೆಗೆ ಬುಗುರಿಯ ಮೌನ ಎಲ್ಲರ ಮೌನದೊಳಗೆ ಒಂದು. ಊದಿದ ಮರುಕ್ಷಣ ಅದು ಒಂಟಿಯಾಗಿ ನಿಲ್ಲುತ್ತದೆ, ಎಲ್ಲರಿಗೂ ಕಾಣುತ್ತದೆ, ಆ ತಾಯಿಗೆ ಕಾಣುತ್ತದೆ. ನಾಲ್ಕು ಐವತ್ತೊಂಬತ್ತು. "ಪ್ರಯಾಣಿಕರೇ, ದಯವಿಟ್ಟು ಗಮನಿಸಿ," ಎಂದಿತು ಹೊರಗಿನ ಧ್ವನಿ, ಅವಳ ಅಪ್ಪಣೆಗೆ ಕಾಯದೆ. "ಐದು ಗಂಟೆಗೆ ಹೊರಡಬೇಕಾದ ಬಸ್ಸು ಈಗ ಹೊರಡಲು ಸಿದ್ಧವಾಗಿದೆ." ಹುಡುಗಿಯರ ಬೆನ್ನುಗಳು ಒಟ್ಟಿಗೆ ನೆಟ್ಟಗಾದವು. ಮುಳ್ಳು ಹನ್ನೆರಡನ್ನು ಮುಟ್ಟಿತು, ದಾಟಿತು. ಅಕ್ಕ ಸೀಟಿಯನ್ನು ಬಾಯಿಗೆ ಒಯ್ಯಲಿಲ್ಲ. ಐದು ದಾಟಿ ಒಂದು ನಿಮಿಷ. ದೊಡ್ಡಮ್ಮ ಕೆಮ್ಮಿದಳು. ಅಡ್ವೊಕೇಟು ಎರಡೂ ಕೈಯಿಂದ ಗಡಿಯಾರ ತೋರಿಸುತ್ತ, ಇದೇನು ಅನ್ಯಾಯ ಎಂದು ಕಣ್ಣರಳಿಸಿದಳು. ಎರಡು ನಿಮಿಷ.

ಬುಗುರಿ ಎದ್ದಳು. ಕೋಣೆಯ ಉದ್ದಕ್ಕೂ ನಡೆದು ಬಂದು ಅಕ್ಕನ ಮುಂದೆ ನಿಂತು, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೀಟಿಯನ್ನು ತೆಗೆದುಕೊಂಡಳು. ಹಗ್ಗ ಅಕ್ಕನ ಕತ್ತಿನಲ್ಲೇ ಇತ್ತು. ಸೀಟಿ ಬುಗುರಿಯ ಬಾಯಿಗೆ ಎಟುಕಬೇಕಾದರೆ ಅಕ್ಕ ತಲೆ ತಗ್ಗಿಸಬೇಕಾಯಿತು. ಬುಗುರಿ ಊದಿದಳು. ಕಿವಿಯ ಪಕ್ಕದಲ್ಲೇ.

ಕೋಣೆ ಒಡೆದುಹೋಯಿತು. ಎಂಟು ಗಂಟೆಯ ಮಾತೆಲ್ಲ ಒಟ್ಟಿಗೆ ನುಗ್ಗಿ, ಯಾರು ಯಾರಿಗೆ ಏನು ಹೇಳುತ್ತಿದ್ದಾರೆಂದು ಹೇಳುವವರಿಗೇ ತಿಳಿಯದಂತಾಯಿತು. "ಎರಡು ನಿಮಿಷ ಎಕ್ಸ್ಟ್ರಾ, ಅದಕ್ಕೂ ಸೇರಿಸಿ ಕೊಡ್ಬೇಕು!" ಎಂದು ಅಡ್ವೊಕೇಟು ಬೇಕರಿಯವನ ಮೇಲೆ ಏರಿ ಹೋದಳು. "ಬಂತಪ್ಪಾ ಸಂತೆ" ಎಂದಳು ದೊಡ್ಡಮ್ಮ. ಬುಗುರಿಯ ಅಮ್ಮ ಎರಡು ಹೆಜ್ಜೆ ಮುಂದೆ ಬಂದು, "ಪುಟ್ಟಾ?" ಎಂದಳು. ಬುಗುರಿ ಅಮ್ಮನನ್ನು ನೋಡಿ, ತಾಳು ಎಂಬಂತೆ ಕೈ ಮಾಡಿ, ಬೆಂಚಿನ ಮೇಲೆ ಹತ್ತಿದಳು.

"ದಯವಿಟ್ಟು ಗಮನಿಸಿ."

ಅಕ್ಕನಿಗೆ ಮೊದಲು ಹೊರಗಿನ ಯಂತ್ರವೇ ಅನ್ನಿಸಿತು. "ಹುಡುಗಿಯರೇ, ದಯವಿಟ್ಟು ಗಮನಿಸಿ. ಸಾಲಾಗಿ ನಿಲ್ಲಿ. ಕೈ ಬದಿಗೆ. ಗದ್ದ ಮೇಲೆ. ಅಡ್ವೊಕೇಟ್ ಅವರೇ, ವಾದ ಆಮೇಲೆ." ಅದೇ ಎಳೆತ, ವಾಕ್ಯದ ಕೊನೆಗೆ ಅದೇ ಸಣ್ಣ ಏರು, ಅದೇ ಎಣ್ಣೆ ಹಾಕಿದ ನುಣುಪು. ಇಪ್ಪತ್ತೊಂದು ಹುಡುಗಿಯರು ಯೋಚಿಸುವ ಮೊದಲೇ ಸಾಲಾದರು. ಅಕ್ಕನ ಹಿಮ್ಮಡಿಗಳೂ ಟಕ್ಕೆಂದು ಕೂಡಿಕೊಂಡವು. ಅದು ಅವಳ ಗಮನಕ್ಕೆ ಬಂದದ್ದು ಆಮೇಲೆ. ಒಂದು ಕ್ಷಣ ಬಿಟ್ಟು ಎಲ್ಲರಿಗೂ ಅರ್ಥವಾಗಿ ಭೋರೆಂದು ನಗು ಎದ್ದಿತು, ಚಪ್ಪಾಳೆ ಬಿತ್ತು. "ಅಕ್ಕ, ಥೇಟ್ ನೀವೇ!" ಬುಗುರಿಯ ಅಮ್ಮ ಎರಡೂ ಕೈ ಬಾಯಿಗಿಟ್ಟುಕೊಂಡು, "ತಡವರಿಸ್ಲೇ ಇಲ್ಲ, ನೋಡಿದ್ರಾ ಮೇಡಂ, ತಡವರಿಸ್ಲೇ ಇಲ್ಲ!" ಎಂದು ಅಳುತ್ತ ನಗುತ್ತಿದ್ದಳು. ಅಕ್ಕನೂ ನಕ್ಕಳು. ತಾನು ಹೇಗೆ ಕೇಳಿಸುತ್ತೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಇಷ್ಟು ಖಾಲಿಯೇ?

ಬುಗುರಿ ಬೆಂಚಿನಿಂದ ಇಳಿದಳು. ಕನ್ನಡಕ ಮೇಲಕ್ಕೆ ತಳ್ಳಿಕೊಂಡಳು. ಗದ್ದ ಎದ್ದಿತು, ಕತ್ತಿನ ನರ ಬಿಗಿಯಿತು, ಕಣ್ಣು ಮುಚ್ಚಿತು.

"ಈ, ಈ, ಈ..."

"ಈಗ ನೀವು ಮಾಡಿ ಅಂತಿದಾಳೆ!" ಎಂದಳು ಸಾಲಿನಲ್ಲೊಬ್ಬಳು.

ಬುಗುರಿ ಕಣ್ಣು ತೆರೆದು ಅವಳ ಕಡೆ ತಿರುಗಿ, ಬೇಡ ಎಂದು ತಲೆಯಾಡಿಸಿದಳು. ಮತ್ತೆ ಶುರುಮಾಡಿದಳು, ಮೊದಲಿನಿಂದ. "ಈ, ಈಗ ನೀವು. ಮೊನ್ನೆ ಮಾ, ಮಾಡಿದ್ರಲ್ಲ. ನ, ನ, ನನ್ನದು." ಉಸಿರು ತೆಗೆದುಕೊಂಡಳು. "ಎಲ್ಲರ ಮುಂದೆ ಮಾ, ಮಾಡಿ."

ಯಾರೂ ಸೀಟಿ ಊದದೆ ಕೋಣೆ ಮತ್ತೆ ಮೌನವಾಯಿತು. ಬಾಗಿಲ ಬಳಿ ಬೇಕರಿಯವನು ತನ್ನ ತಟ್ಟೆಯ ಅಂಚನ್ನು ನೋಡುತ್ತಿದ್ದ. ಬುಗುರಿಯ ಅಮ್ಮನ ಕೈಗಳು ಬಾಯಿಂದ ಮೆಲ್ಲಗೆ ಕೆಳಗಿಳಿದವು. ಅವಳು ಮಗಳನ್ನು ನೋಡಿದಳು, ಅಕ್ಕನನ್ನು ನೋಡಿದಳು, ಮಗಳು ಬರೆದು ತೋರಿಸಿದ 'ಅಭ್ಯಾಸ' ಎಂದರೇನೆಂದು ಅವಳಿಗೆ ತಿಳಿಯುತ್ತಿರುವುದು ಅಕ್ಕನಿಗೆ ಕಾಣಿಸುತ್ತಿತ್ತು. ನೆನಪಿಲ್ಲ ಎಂಬ ಮಾತು ಇನ್ನೂ ಕೋಣೆಯಲ್ಲೇ ಇತ್ತು, ಕೈಗೆಟುಕುವಷ್ಟು ಹತ್ತಿರ.

"ಮಾಡಿದ್ದೆ," ಎಂದಳು ಅಕ್ಕ. "ನೀನು ಬಾಗಿಲಲ್ಲಿದ್ದೆ. ನಾನು ನೋಡ್ದೆ. ನೋಡಿದ್ಮೇಲೂ..." ಆ ಧ್ವನಿ ಯಾರದೆಂದು ಅವಳಿಗೆ ಗೊತ್ತಾಗಲಿಲ್ಲ, ಒರಟಾಗಿ, ತಗ್ಗಿ, ಎಣ್ಣೆ ಕಾಣದ ಬಾಗಿಲಿನಂತಿತ್ತು. ಇನ್ನು ಉಳಿದದ್ದು ಒಂದೇ ಪದ, ಜೇಬಿನಲ್ಲಿ ಮಡಚಿಟ್ಟದ್ದು. "ಕ್ಷ," ಎಂದಳು. ಮುಂದಿನ ಅಕ್ಷರ ಹೊರಡಲಿಲ್ಲ. "ಕ್ಷ, ಕ್ಷ..." ಗದ್ದ ತಾನಾಗಿ ಮೇಲೆದ್ದಿತು, ಕಣ್ಣು ಮುಚ್ಚಿಕೊಂಡಿತು, ಮತ್ತು ಕತ್ತಲಲ್ಲಿ ಅವಳಿಗೆ ಭಯವಾಯಿತು: ಅಯ್ಯೋ, ಇದು ಥೇಟ್ ಅದೇ ಥರ ಕಾಣುತ್ತಿದೆ, ಮಾಡು ಎಂದದ್ದಕ್ಕೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಣ್ಣು ತೆರೆದಳು. ಬುಗುರಿ ಆ ಕಡೆಗೆ ಅಂಗೈ ಎತ್ತಿ ಹಿಡಿದಿದ್ದಳು. ನಗು ಅಲ್ಲೇ ನಿಂತಿತು. ಇದು ನಕಲಲ್ಲವೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಬುಗುರಿಯೊಬ್ಬಳಿಗೆ.

"ಕ್ಷ... ಕ್ಷ..."

ದೊಡ್ಡಮ್ಮನ ತುಟಿ ಆ ಪದವನ್ನು ಮುಗಿಸಿಕೊಡಲು ಆಗಲೇ ತೆರೆದಿತ್ತು. ಬುಗುರಿ ಅವಳಿಗೂ ಬೇಡವೆಂದು ತಲೆಯಾಡಿಸಿದಳು. ಹೊರಗೆ ಅಕ್ಕನ ಧ್ವನಿ ಐದು ಹತ್ತರ ಬಸ್ಸನ್ನು ಎಲ್ಲೂ ತಡೆಯದೆ ಕರೆದು, ಅಂಕಣ ಹೇಳಿ, ಮುಗಿಸಿಕೊಂಡು ಹೋಯಿತು. ಒಳಗೆ ಬುಗುರಿ, ಗಡಿಯಾರದ ಕಡೆ ನೋಡದೆ, ಕಣ್ಣು ಬೇರೆಡೆ ತಿರುಗಿಸದೆ, ಇಡೀ ಅಂಗಡಿ ಬೀದಿಯಲ್ಲಿ ಯಾರೂ ತನಗಾಗಿ ಕಾದಿರದಷ್ಟು ತಾಳ್ಮೆಯಿಂದ, ಅಕ್ಕನ ಉಳಿದ ಅಕ್ಷರಗಳಿಗಾಗಿ ಕಾಯುತ್ತ ನಿಂತಳು.